ಅಟ್ಟದ ಮೇಲಿನ ಪಿಸ್ತೂಲು ಟಿಪ್ಪುವಿನದೇ?

ನಮ್ಮ ದಾವಣಗೆರೆ, ಹರಿಹರ ಸೀಮೆಯ ಹಳೆಯ ಮನೆಗಳಲ್ಲಿ ಆಯುಧಪೂಜೆಯ ಹಿಂದಿನ ದಿನ ಅಟ್ಟದಿಂದ ಕೆಳಗಿಳಿಯುವ ವಸ್ತುಗಳನ್ನು ಕಂಡವರಿಗೆ ಗೊತ್ತು, ಅದೊಂದು ಸಣ್ಣ ವಸ್ತುಸಂಗ್ರಹಾಲಯವೇ. ಪಿಡಿ ಸಡಿಲವಾದ ಕತ್ತಿ, ಭರ್ಜಿಯ ಮೊನೆ, ಎಲ್ಲೋ ಒಂದು ಮನೆಯಲ್ಲಿ ಮದ್ದು ಜಡಿದು ಹಾರಿಸುತ್ತಿದ್ದ ಪಿಸ್ತೂಲು. ಚರಿತ್ರೆಯ ಪಾಠ ಹೇಳಿದವನೆಂಬ ಕಾರಣಕ್ಕೆ ಇಂಥವನ್ನು ನನಗೆ ತಂದು ತೋರಿಸಿದವರು ಹಲವರು. ಕೇಳುವ ಪ್ರಶ್ನೆ ಮಾತ್ರ ಎಲ್ಲರದೂ ಒಂದೇ: "ಮೇಷ್ಟ್ರೇ, ಇದು ಟಿಪ್ಪು ಸುಲ್ತಾನನ ಕಾಲದ್ದಂತೆ. ಎಷ್ಟು ಬೆಲೆ ಬಾಳಬಹುದು?"

ಹಾಗೆ ನಂಬುವುದಕ್ಕೆ ಆಧಾರವೇ ಇಲ್ಲವೆನ್ನುವಂತಿಲ್ಲ. ಹರಿಹರದ ಕೋಟೆ ತರೀಕೆರೆಯ ಪಾಳೆಯಗಾರರು, ಸವಣೂರಿನ ನವಾಬರು, ಬಿದನೂರಿನ ಅರಸರು, ಮರಾಠರು ಎಂದು ಕೈಯಿಂದ ಕೈಗೆ ಹೋಗಿ, 1763ರಲ್ಲಿ ಹೈದರಾಲಿಯ ವಶವಾಯಿತು. ಆಮೇಲೂ ಮರಾಠರು ಅದನ್ನು ಮೂರು ಬಾರಿ ಹಿಡಿದರು. ದಾವಣಗೆರೆಯನ್ನು ಹೈದರನು ಅಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದರಿಂದಲೇ ಊರು ಬೆಳೆಯಿತೆಂದೂ ಗೆಜೆಟಿಯರ್ ಹೇಳುತ್ತದೆ. ಇಷ್ಟೊಂದು ಸೈನ್ಯಗಳು ತುಂಗಭದ್ರೆಯನ್ನು ದಾಟಿದ ಮೇಲೆ ನಾಲ್ಕು ಆಯುಧಗಳು ಇಲ್ಲಿ ಉಳಿದಿದ್ದರೆ ಆಶ್ಚರ್ಯವೇನು?

ಆಸೆ ಹುಟ್ಟಿಸಿದ್ದು ಮಾತ್ರ ಲಂಡನ್ನಿನ ಹರಾಜುಗಳು. ಟಿಪ್ಪುವಿನ ಬಂದೂಕುಗಳ ಮೇಲೆ 1992ರಲ್ಲಿ ಪುಸ್ತಕವನ್ನೇ ಬರೆದ ರಾಬಿನ್ ವಿಗಿಂಗ್ಟನ್ ಅವರ ಸಂಗ್ರಹ 2015ರ ಏಪ್ರಿಲ್‌ನಲ್ಲಿ ಬಾನ್‌ಹ್ಯಾಮ್ಸ್ ಸಂಸ್ಥೆಯಲ್ಲಿ ಹರಾಜಾದಾಗ ಒಟ್ಟು 60 ಲಕ್ಷ ಪೌಂಡ್ ಮೀರಿತು. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗವೊಂದೇ 1 ಕೋಟಿ 40 ಲಕ್ಷ ಪೌಂಡ್ ತಂದಿತು. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಹೆಚ್ಚು. ಪತ್ರಿಕೆಯಲ್ಲಿ ಇದನ್ನು ಓದಿದವರು ತಮ್ಮ ಅಟ್ಟದ ಕಡೆ ಕಣ್ಣು ಹಾಯಿಸುವುದು ಸಹಜ. ಆದರೆ ಆ ಖಡ್ಗಕ್ಕೆ ಬೆಲೆ ಬಂದದ್ದು ಉಕ್ಕಿನ ತೂಕಕ್ಕಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಸೈನ್ಯವು ಜನರಲ್ ಬೇರ್ಡ್‌ಗೆ ಕೊಟ್ಟಿತು. ಅಲ್ಲಿಂದ ಅದು ಹಾದುಬಂದ ದಾರಿ ತಿಳಿದಿದೆ. ವಸ್ತುವಿನ ಜೊತೆಗೆ ಅದರ ವಂಶಾವಳಿಯೂ ಬಂದಿದೆ.

ಎರಡು ವರ್ಷಗಳ ಹಿಂದೆ ಹರಿಹರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮನೆಯ ಪಿಸ್ತೂಲನ್ನು ನೋಡಲು ಕರೆದರು. ಅಣ್ಣತಮ್ಮಂದಿರ ಹಿಸ್ಸೆಯ ಮಾತುಕತೆ ನಡೆದಿತ್ತು. ಮನೆ, ಹೊಲ ಸುಲಭವಾಗಿ ಭಾಗವಾದವು. ಈ ಒಂದೂಕಾಲು ಅಡಿಯ ಪಿಸ್ತೂಲಿನ ಬಳಿ ಮಾತು ನಿಂತುಹೋಗಿತ್ತು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ ಬಂದು, "ಟಿಪ್ಪುವಿನದೆಂದಾದರೆ ಲಕ್ಷಗಟ್ಟಲೆ" ಎಂದು ಹೇಳಿಹೋಗಿದ್ದ. ಅಣ್ಣನಿಗೆ ಮಾರುವ ಮನಸ್ಸು, ತಮ್ಮನಿಗೆ ಇರಿಸಿಕೊಳ್ಳುವ ಮನಸ್ಸು. ಇಬ್ಬರೂ ನನ್ನ ತರಗತಿಯಲ್ಲಿ ಕುಳಿತವರೇ!

ಹರಿಹರೇಶ್ವರ ದೇವಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಹೇಳುತ್ತಿದ್ದ ಮಾತೊಂದಿತ್ತು. ಈ ಗುಡಿಯನ್ನು 1224ರಲ್ಲಿ ಪೋಲಾಳ್ವ ದಂಡನಾಥ ಕಟ್ಟಿಸಿದನೆಂದು ನಮಗೆ ತಿಳಿದದ್ದು ಶಾಸನದಿಂದ, ಊರವರ ಬಾಯಿಮಾತಿನಿಂದಲ್ಲ. ಆಯುಧಕ್ಕೂ ಅದರದೇ ಶಾಸನವಿರುತ್ತದೆ: ಮುದ್ರೆಗಳು, ಅಂಕಿಗಳು, ತಿರುಪುಗಳು, ಮರ ಮತ್ತು ಲೋಹ ಕೂಡುವ ಅಂಚು. ಇವನ್ನು ಓದಬೇಕು.

ಟಿಪ್ಪುವಿನ ಕಾರ್ಖಾನೆಗಳ ಆಯುಧಗಳು ತಮ್ಮ ಗುರುತನ್ನು ತಾವೇ ಹೇಳಿಕೊಳ್ಳುತ್ತವೆ. ಲೋಹದ ಮೇಲೆ 'ಬಬ್ರಿ' ಎನ್ನುವ ಹುಲಿಪಟ್ಟೆಯ ಚಿತ್ತಾರ, ಹುಲಿಯ ಮುಖ, ಪರ್ಷಿಯನ್ ಲಿಪಿಯ ಬರಹ, ತಯಾರಾದ ಊರು: ಪಟ್ಟಣ, ಅಂದರೆ ಶ್ರೀರಂಗಪಟ್ಟಣ, ಅಥವಾ ನಗರ, ಅಂದರೆ ಬಿದನೂರು. ಪಿಸ್ತೂಲುಗಳನ್ನು ಜೋಡಿಯಾಗಿ ಮಾಡಿಸುತ್ತಿದ್ದರು. ಒಂದರ ಯಂತ್ರ ಬಲಮಗ್ಗುಲಿಗಾದರೆ ಇನ್ನೊಂದರದು ಎಡಮಗ್ಗುಲಿಗೆ, ಕನ್ನಡಿಯಲ್ಲಿ ಕಂಡ ಹಾಗೆ. ಎಲ್ಲಕ್ಕಿಂತ ಸ್ವಾರಸ್ಯವಾದದ್ದು ವರ್ಷದ ಅಂಕಿ. ಟಿಪ್ಪು ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಶಕೆಯನ್ನು ಬಳಕೆಗೆ ತಂದನಷ್ಟೆ? ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಆತನ ನಾಣ್ಯಗಳನ್ನು ನೋಡಿದವರಿಗೆ ಇದು ಗೊತ್ತು. ಮೌಲೂದಿ 1224 ಎಂದರೆ ಸುಮಾರು 1796-97. ಅದನ್ನು ನಾವು ಓದುವ ರೂಢಿಯಂತೆ ಎಡದಿಂದ ಓದಿದರೆ 4221 ಎಂದು ಕಾಣಬೇಕು. ನಕಲಿ ಕೆತ್ತುವವನು ಇಲ್ಲಿಯೇ ಎಡವುವ ಸಾಧ್ಯತೆ ಹೆಚ್ಚು.

ಹರಿಹರದ ಪಿಸ್ತೂಲಿನಲ್ಲಿ ಇವು ಯಾವುವೂ ಇರಲಿಲ್ಲ. ಭೂತಗನ್ನಡಿ ಹಿಡಿದು, ಕಿಟಕಿಯ ಬೆಳಕಿಗೆ ಓರೆಮಾಡಿ ನೋಡಿದಾಗ ಯಂತ್ರದ ತಗಡಿನ ಮೇಲೆ ಕಂಡದ್ದು ಹಿಂಗಾಲಿನ ಮೇಲೆ ನಿಂತು ಕಿರೀಟ ಹಿಡಿದ ಒಂದು ಸಿಂಹ. ತಲೆಮಾರುಗಳಿಂದ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದ್ದರಿಂದ ಅರ್ಧ ಅಳಿಸಿಹೋಗಿತ್ತು. ಆದರೂ ಸಿಂಹವೇ. ಈಸ್ಟ್ ಇಂಡಿಯಾ ಕಂಪನಿ 1808ರವರೆಗೆ ತನ್ನ ಆಯುಧಗಳಿಗೆ ಹೃದಯಾಕಾರದ ಒಂದು ಮುದ್ರೆ ಹಾಕುತ್ತಿತ್ತು, ಒಳಗೆ ನಾಲ್ಕು ಇಂಗ್ಲಿಷ್ ಅಕ್ಷರ, ಮೇಲೆ ನಾಲ್ಕರ ಅಂಕಿಯಂಥ ಗುರುತು. ಅನಂತರ ಬಂದದ್ದು ಈ ಸಿಂಹ. 1808ರ ಮೇಲಿನ ಮುದ್ರೆಯಿರುವ ಪಿಸ್ತೂಲನ್ನು 1799ರಲ್ಲಿ ಮಡಿದ ಟಿಪ್ಪು ಹಿಡಿದಿರಲು ಸಾಧ್ಯವೇ? ಏಳನೆಯ ತರಗತಿಯ ಕಾಲಾನುಕ್ರಮಣಿಕೆ ಸಾಕು ಉತ್ತರಕ್ಕೆ.

ಹಾಗಾದರೆ ನಕಲಿಯೋ? ಅಲ್ಲ. ಕಂಪನಿಯ ಪಿಸ್ತೂಲಿಗೂ ನಕಲುಗಳಿವೆ. ಗೋಡೆಗೆ ತೂಗುಹಾಕಲೆಂದು ಮಾಡಿದವನ್ನು ಪ್ರವಾಸಿಗರು ಕೊಂಡೊಯ್ಯುತ್ತಾರೆ. ಅವುಗಳಲ್ಲಿ ಮುದ್ರೆಯ ಅಕ್ಷರಗಳು ಸೊಟ್ಟಗೆ, ಕೆಲವೊಮ್ಮೆ ತಿರುಗುಮುರುಗಾಗಿ ಇರುತ್ತವೆ. ತಿರುಪಿನ ಮೊಳೆಗಳು ಇಂದಿನ ಯಂತ್ರದವು. ಕಿಡಿ ಒಳಹೋಗಬೇಕಾದ ತೂತು ನಳಿಗೆಯವರೆಗೆ ತಲುಪಿರುವುದೇ ಇಲ್ಲ. ಚಕಮಕಿ ಕಲ್ಲು ಬಡಿಯುವ ತಗಡು ಗಟ್ಟಿ ಉಕ್ಕಿನದಾಗಿರದೆ ಮೆತ್ತನೆ ಕಬ್ಬಿಣದ್ದಾಗಿರುತ್ತದೆ, ಅದು ಕಿಡಿಯನ್ನೇ ಕೊಡದು. ಹರಿಹರದ್ದರಲ್ಲಿ ತೂತು ನೇರವಾಗಿ ಒಳಗೆ ಹೋಗಿತ್ತು, ಅದರ ಸುತ್ತಲಿನ ಕಬ್ಬಿಣ ಮದ್ದು ಉರಿದು ತಿಂದುಹೋಗಿತ್ತು. ನಳಿಗೆ ಸುಮಾರು 9 ಅಂಗುಲ. ಮರದಲ್ಲಿ ಯಂತ್ರ ಕೂತಿದ್ದ ಗುಳಿಗೆ ಒಂದೆಳೆ ಸಂದೂ ಇರಲಿಲ್ಲ. ಎರಡೂ ಒಟ್ಟಿಗೇ ಹುಟ್ಟಿದವು. ಆದರೆ ಕಲ್ಲನ್ನು ಕಚ್ಚಿ ಹಿಡಿಯುವ 'ಕುದುರೆ' ಮಾತ್ರ ಬೇರೆ. ಅದನ್ನು ಯಾರೋ ಸ್ಥಳೀಯ ಕಮ್ಮಾರ ಮಾಡಿ ಕೂರಿಸಿದ್ದಾನೆ. ಹಿಡಿಯ ತುದಿಯ ಸೀಳಿಗೆ ಬೀಟೆಮರದ ತೇಪೆ ಹಾಕಿದ್ದಾರೆ. ಹಿತ್ತಾಳೆಯ ಟೋಪಿಯ ಮೇಲೆ 47 ಎಂಬ ಅಂಕಿ.

ವ್ಯಾಪಾರದ ಲೆಕ್ಕದಲ್ಲಿ ಈ ಕುದುರೆ, ಈ ತೇಪೆ ಎರಡೂ ಕುಂದು. ನನ್ನ ಲೆಕ್ಕದಲ್ಲಿ ಹಾಗಲ್ಲ. ಪಿಸ್ತೂಲು ಒಡೆದಾಗ ಅದನ್ನು ಎಸೆಯದೆ ರಿಪೇರಿ ಮಾಡಿಸಿದ ಒಬ್ಬ ಮನುಷ್ಯ ಇಲ್ಲಿದ್ದನೆಂಬುದಕ್ಕೆ ಅವು ಸಾಕ್ಷಿ.

ಆ ಮನುಷ್ಯ ಯಾರು? ಹರಿಹರದ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ 1865ರವರೆಗೆ ಒಂದು ದೇಶೀಯ ರೆಜಿಮೆಂಟಿನ ದಂಡು ಇತ್ತು. ತುಂಗಭದ್ರೆಯ ಸೇತುವೆ ಮುಗಿದದ್ದು ಆಮೇಲೆ, 1868ರಲ್ಲಿ. ದಂಡಿನಿಂದ ಬಂದ ಪಿಸ್ತೂಲೆಂದು ಹೇಳಿಬಿಡಬಹುದಿತ್ತು. ಆದರೆ ಕಾಲಾಳು ಸಿಪಾಯಿಯ ಆಯುಧ ಉದ್ದ ನಳಿಗೆಯ ಬಂದೂಕು. ಇಂಥ ಪಿಸ್ತೂಲು ಕುದುರೆ ಸವಾರನದು, ಜೀನಿನ ಚೀಲದಲ್ಲಿರುತ್ತಿತ್ತು. ಇನ್ನೊಂದು ದಾರಿಯಿದೆ. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಸಾಕಬೇಕಾಯಿತು. ಅವರೇ ಸಿಲೇದಾರರು, ಕುದುರೆಯೂ ಆಯುಧವೂ ಅವರವರ ಸ್ವಂತದ್ದು. ಸ್ವಂತ ಆಯುಧವಾದರೆ ಅದು ಮಗನಿಗೆ ಬರುತ್ತದೆ, ಒಡೆದರೆ ಊರ ಕಮ್ಮಾರನ ಬಳಿಗೆ ಹೋಗುತ್ತದೆ. ನನ್ನ ಒಲವು ಈ ಕಡೆಗೆ. ರುಜುವಾತೆನ್ನುವಂತಿಲ್ಲ.

ವ್ಯಾಪಾರಿ ಮತ್ತೊಮ್ಮೆ ಬಂದಾಗ ಹೇಳಿದ್ದನ್ನು ಕೇಳಿ ನನಗೆ ಸಿಟ್ಟು ಬಂತು. ಸಿಂಹವನ್ನು ಉಜ್ಜಿ ತೆಗೆದು ಅಲ್ಲಿ ಹುಲಿಯ ಮುಖ ಕೆತ್ತಿಸಿಕೊಡುತ್ತೇನೆ, ಖರ್ಚು ನನ್ನದೇ ಎಂದನಂತೆ! ಇದ್ದ ಒಂದೇ ನಿಜವಾದ ಗುರುತನ್ನು ಅಳಿಸಿ ಸುಳ್ಳೊಂದನ್ನು ಬರೆಯುವುದು. ಬಿದನೂರು ನಗರದ ಹಾಳುಬಾವಿಯಲ್ಲಿ 2018ರ ಜುಲೈನಲ್ಲಿ ಸಾವಿರಕ್ಕೂ ಹೆಚ್ಚು ಯುದ್ಧದ ರಾಕೆಟ್ಟುಗಳು ಸಿಕ್ಕವಲ್ಲ, ನೋಡುವುದಕ್ಕೆ ಬರೀ ತುಕ್ಕು ಹಿಡಿದ ಕೊಳವೆಗಳು. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಿದ್ದ. ಸಿಕ್ಕ ಬಾವಿ ಯಾವುದು, ಕೆಸರಿನಲ್ಲಿ ಮದ್ದಿನ ವಾಸನೆ ಹೇಗಿತ್ತು ಎಂಬುದೆಲ್ಲ ತಿಳಿದಿದ್ದರಿಂದಲೇ ಜಗತ್ತಿನ ವಿದ್ವಾಂಸರು ಅವುಗಳ ಕಡೆ ತಿರುಗಿ ನೋಡಿದರು.

ಕಾನೂನಿನ ಮಾತನ್ನೂ ಅಣ್ಣತಮ್ಮಂದಿರಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. 1959ರ ಆಯುಧ ಕಾಯಿದೆಯ 45ನೆಯ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ರಿಪೇರಿ ಮಾಡಿದರೂ ಹಾರಿಸಲಾಗದಂತಿದ್ದರೆ ಮಾತ್ರ. ಆದ್ದರಿಂದ ಠಾಣೆಗೆ ಲಿಖಿತವಾಗಿ ತಿಳಿಸಿ ಉತ್ತರ ಪಡೆದಿರುವುದು ಕ್ಷೇಮ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯಿದೆಗೂ ಒಳಪಡುತ್ತದೆ. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಲಂಡನ್ನಿನ ಬೆಲೆಯನ್ನು ಹರಿಹರದಲ್ಲಿ ಕುಳಿತು ಎಣಿಸುವುದು ಇಲ್ಲಿಗೆ ಮುಗಿಯಿತು. ಇನ್ನು ತಿಕ್ಕುವುದು ಬೇಡ. ಒಣಬಟ್ಟೆಯಲ್ಲಿ ಒರೆಸಿ, ಒಂದು ಹನಿ ಎಣ್ಣೆ ಸವರಿ ಇಡಿ. ಪೂಜೆಯ ದಿನ ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿದರೂ ನಡೆಯುತ್ತದೆ.

ಅಣ್ಣ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ. ಆಮೇಲೆ ಅವನೇ ಫೋನು ಮಾಡಿದ. ಪಿಸ್ತೂಲನ್ನು ಸುತ್ತಿಟ್ಟಿದ್ದ ಹಳೆಯ ಬಟ್ಟೆಯ ಮಡಿಕೆಯಲ್ಲಿ ಮೋಡಿ ಲಿಪಿಯ ಒಂದು ಕಾಗದ ಸಿಕ್ಕಿದೆ, ಒಂದು ಕಡೆ ಹುಳು ತಿಂದಿದೆ, ಮೇಲುಗಡೆ ಏನೋ ಮೊಹರಿನ ಗುರುತಿದೆ ಎಂದ. ಮಾರುವ ಮಾತು ಸದ್ಯಕ್ಕೆ ನಿಂತಿದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ, ಅಥವಾ ನಿಮ್ಮ ಬೀಗರು ನೆಂಟರಲ್ಲಿ ಯಾರಿಗಾದರೂ, ಹಳೆಯ ಮೋಡಿ ಬರಹ ಓದಲು ಬರುತ್ತಿದ್ದರೆ ದಯವಿಟ್ಟು ತಿಳಿಸಿ; ಕಾಗದದ ಫೋಟೋ ಕಳಿಸಿಕೊಡುತ್ತೇನೆ.