ಬಾಳ್ಗಳ್ಚಿನಿಂದ ಪಿಂಚಣಿಯವರೆಗೆ: ಮರಳಿ ಬಂದ ಯೋಧನೂ ಅವನ ಊರೂ

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಿಲಾಶಾಸನವನ್ನು ನಾವು ಕನ್ನಡ ಭಾಷೆಯ ಪ್ರಾಚೀನತೆಗೆ ಸಾಕ್ಷಿಯೆಂದು ಸ್ಮರಿಸುತ್ತೇವೆಯೇ ಹೊರತು, ಆ ಕಲ್ಲು ಹೇಳುತ್ತಿರುವುದಾದರೂ ಏನೆಂದು ವಿಚಾರಿಸುವವರು ವಿರಳ. ಸುಮಾರು 450ರ ಕಾಲಕ್ಕೆ ಸೇರಿದುದೆಂದು ವಿದ್ವಾಂಸರು ಗಣಿಸುವ ಆ ಶಾಸನದ ವಿಷಯವು, ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ವಿಜ ಅರಸನೆಂಬ ವೀರನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಎಂದು ಬಿಟ್ಟುಕೊಟ್ಟ ದಾನವಾಗಿದೆ. ಬಾಳೆಂದರೆ ಖಡ್ಗ, ಕಳ್ಚುವುದೆಂದರೆ ತೊಳೆಯುವುದು. ನೆತ್ತರಾದ ಕತ್ತಿಯನ್ನು ತೊಳೆದು, ಅದನ್ನು ಹಿಡಿದವನ ಜೀವನೋಪಾಯಕ್ಕೆ ಭೂಮಿಯನ್ನು ನೀಡಿ, ಆ ದಾನವನ್ನು ಅಪಹರಿಸಿದವನಿಗೆ ಮಹಾಪಾತಕವು ತಟ್ಟುವುದೆಂದು ಎಚ್ಚರಿಸಿದ ಬರಹವು ನಮ್ಮ ನುಡಿಯ ಅತ್ಯಂತ ಹಳೆಯ ದಾಖಲೆಗಳಲ್ಲಿ ಒಂದಾಗಿರುವುದು ನನ್ನ ಮನಸ್ಸಿಗೆ ಸಾಮಾನ್ಯ ಸಂಗತಿಯಾಗಿ ತೋರುವುದಿಲ್ಲ.

ಅನಂತರದ ಶತಮಾನಗಳಲ್ಲಿ ಈ ಋಣಕ್ಕೆ ಹಲವು ಹೆಸರುಗಳು ಹುಟ್ಟಿದುವು. ಕಾದಿದವನಿಗೆ ಇಲ್ಲವೆ ಅವನ ವಂಶಕ್ಕೆ ಸಂದ ಭೂಮಿ ಕಲ್ನಾಡಾಯಿತು; ಮಡಿದವನ ಮನೆಯವರಿಗೆ ಬಿಟ್ಟದ್ದು ನೆತ್ತರುಗೊಡಗೆಯಾಯಿತು. ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲಿನಲ್ಲಿ, ಗಂಗರ ಪಕ್ಷದಲ್ಲಿ ಹೋರಾಡಿ ಮಡಿದ ನಾಗತ್ತರನ ತರುವಾಯ ಇರುಗನೆಂಬವನಿಗೆ ಎರೆಯಪ್ಪರಸನು ‘ಬೆಂಪೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ ವಿವರವುಂಟು. ಇಂಥ ಕಲ್ಲುಗಳು ಕೆರೆಯ ಏರಿಯ ಮೇಲೆ, ಊರಬಾಗಿಲಲ್ಲಿ, ಗುಡಿಯ ಮುಂದೆ ನಿಂತಿದ್ದುದು ಅಲಂಕಾರಕ್ಕಾಗಿ ಅಲ್ಲ. ಈ ಹೊಲ ಯಾರದು, ಏತಕ್ಕಾಗಿ ಯಾರಿಗೆ ಸಂದಿತು ಎಂಬುದನ್ನು ನೀರಿಗೆ ಹೋಗುವವರೂ ದನ ಹೊಡೆಯುವವರೂ ದಿನವೂ ಕಾಣುವಂತೆ ಇಟ್ಟ ದಾಖಲೆಗಳವು. ಊರೇ ಅದಕ್ಕೆ ಸಾಕ್ಷಿ, ಊರೇ ಅದಕ್ಕೆ ಕಾವಲು. ಕೊಡಗಿನಲ್ಲಿ ಒಕ್ಕದ ಹೆಸರಿನಲ್ಲಿ ವಂಶಪಾರಂಪರ್ಯವಾಗಿ ನಡೆದುಬಂದ, ಕರೆ ಬಂದಾಗ ಆಯುಧವನ್ನು ಹಿಡಿಯಬೇಕೆಂಬ ಹೊಣೆಯೊಡನೆ ಕಡಿಮೆ ಕಂದಾಯಕ್ಕೆ ದೊರೆತ ಜಮ್ಮಾ ಭೂಮಿಯೂ ಇದೇ ಭಾವನೆಯ ಇನ್ನೊಂದು ರೂಪವೆನ್ನಬಹುದು.

ದೂರದ ಸಾಮ್ರಾಜ್ಯಕ್ಕಾಗಿ ದೂರದ ನೆಲದಲ್ಲಿ ಕಾದುವ ಕಾಲವು ಬಂದಾಗ ಈ ಸಂಬಂಧವು ಸಡಿಲವಾಯಿತು. ಪ್ರಥಮ ಮಹಾಯುದ್ಧದಲ್ಲಿ ಸುಮಾರು 13 ಲಕ್ಷ ಭಾರತೀಯರು ಸೇವೆ ಸಲ್ಲಿಸಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಏರಿಹೋದ ಅಶ್ವದಳಗಳಲ್ಲಿ ಮೈಸೂರಿನದೂ ಒಂದಾಗಿತ್ತು. ಹಾಗೆ ಕಾದಿ ಕೈಕಾಲು ಕಳೆದುಕೊಂಡು ಬಂದವನ ಊರಿಗೆ, ಅವನು ಎಲ್ಲಿ, ಯಾರೊಡನೆ, ಏತಕ್ಕಾಗಿ ಹೋರಾಡಿದನೆಂಬುದೇ ತಿಳಿಯದು. ಊರು ವಹಿಸಲಾರದ ಹೊಣೆಯನ್ನು ಸಂಸ್ಥೆಗಳು ವಹಿಸಬೇಕಾಯಿತು. ಅಂಗವಿಕಲರಾದ ಸಿಪಾಯಿಗಳಿಗೆ ಕಸುಬನ್ನು ಕಲಿಸಲು 1917ರಲ್ಲಿ ಆರಂಭವಾಗಿ ಮುಂದೆ ಪುಣೆಯ ಖಡ್ಕಿಯಲ್ಲಿ ನೆಲೆನಿಂತ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯೂ, 1919ರ ಭಾರತೀಯ ಸೈನಿಕ ಮಂಡಳಿಯೂ ಆ ಕಾಲದವು. ಊರಿಗೆ ಮರಳಿದ ಸಿಪಾಯಿಯು ಅಸಮಾಧಾನದಿಂದ ಕುಳಿತರೆ ಮುಂದಿನ ಭರ್ತಿಗೆ ತರುಣರು ಬಾರರೆಂಬ ಲೆಕ್ಕಾಚಾರವು ಸರ್ಕಾರದ ಈ ಕಾಳಜಿಯ ಹಿಂದೆ ಇದ್ದಿತೆಂಬುದು ಸತ್ಯ. ಆದರೂ ಒಂದು ಕೈಯನ್ನು ಕಳೆದುಕೊಂಡವನು ಇನ್ನೊಂದು ಕೈಗೆ ಕೆಲಸವನ್ನು ಕಲಿತನೆಂಬುದು ಅಷ್ಟೇ ಸತ್ಯ. ಆ ಫಲವನ್ನು ನಾನು ಲಘುವಾಗಿ ಕಾಣಲಾರೆ.

ದ್ವಿತೀಯ ಮಹಾಯುದ್ಧವು ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯು 25 ಲಕ್ಷಕ್ಕೆ ಬೆಳೆದಿತ್ತು. ಯುದ್ಧದಲ್ಲಿ ದೃಷ್ಟಿಯನ್ನು ಕಳೆದುಕೊಂಡವರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ವಸತಿ ಕೇಂದ್ರವು ತೆರೆಯಿತು. ಅದನ್ನು ನಡೆಸಿದ ಸರ್ ಕ್ಲೂಥಾ ಮೆಕೆಂಜಿಯು ಗಲಿಪೊಲಿಯ ರಣರಂಗದಲ್ಲಿ ತಾನೇ ಕುರುಡನಾಗಿದ್ದ ನ್ಯೂಜಿಲೆಂಡಿನವನು. ಸೈನಿಕರಿಗಾಗಿ ಹುಟ್ಟಿದ ಆ ಕೇಂದ್ರವೇ ಸ್ವಾತಂತ್ರ್ಯಾನಂತರ ಬೆಳೆದು ದೃಷ್ಟಿಹೀನರೆಲ್ಲರ ರಾಷ್ಟ್ರೀಯ ಸಂಸ್ಥೆಯಾಯಿತು. 1944ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಕೃತಕ ಅಂಗ ಕೇಂದ್ರವು ಇಂದಿಗೂ ಕಾರ್ಯನಿರತವಾಗಿದೆ.

ಸ್ವತಂತ್ರ ಭಾರತವು ಈ ಹೊಣೆಯನ್ನು ಪ್ರಜೆಗಳ ಕೈಗೂ ದಾಟಿಸಲು ಯತ್ನಿಸಿತು. 1949ರಿಂದ ಡಿಸೆಂಬರ್ 7ನ್ನು ಧ್ವಜ ದಿನವೆಂದು ಆಚರಿಸಿ, ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಚಿಕ್ಕ ಕಾಗದದ ಬಾವುಟವನ್ನು ಎದೆಗೆ ಚುಚ್ಚಿ ಕಾಣಿಕೆಯನ್ನು ಪಡೆಯುವ ಪದ್ಧತಿಯನ್ನು ನಮ್ಮಲ್ಲಿ ಅನೇಕರು ಶಾಲೆಯ ದಿನಗಳಿಂದ ಬಲ್ಲರು. ಹಳೆಯ ಮಂಡಳಿಯು ಹಲವು ಹೆಸರುಗಳನ್ನು ತಳೆದು 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿಯೆನಿಸಿತು. ಅದರ ಕೆಳಗೆ ರಾಜ್ಯಗಳ ಇಲಾಖೆ, ಜಿಲ್ಲೆಗಳ ಕಚೇರಿ ಹೀಗೆ ಏಣಿಯೊಂದು ನಿರ್ಮಿತವಾಯಿತು.

ಆದರೆ ಏಣಿಯ ಕೆಳಗೆ ನಿಂತವನ ಕೈ ಹಿಡಿಯಲು ಮನುಷ್ಯರೇ ಬೇಕು. ಇದನ್ನು ಎಲ್ಲರಿಗಿಂತ ಮೊದಲು ಮನಗಂಡವರಲ್ಲಿ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಪ್ರಮುಖರು. 1949ರ ಜನವರಿ 15ರಂದು ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ 1953ರಲ್ಲಿ ನಿವೃತ್ತರಾದ ಅವರು, 1964ರಲ್ಲಿ ಅಖಿಲ ಭಾರತ ಮಟ್ಟದ ಮಾಜಿ ಸೈನಿಕರ ಸಂಘವನ್ನು ಕಟ್ಟಿದರು. ಮಡಿಕೇರಿಯ ‘ರೋಷನಾರಾ’ದಲ್ಲಿ ವಿಶ್ರಾಂತ ಜೀವನವನ್ನು ನಡೆಸಬಹುದಾಗಿದ್ದರೂ ಜವಾನರ ಸುಖದುಃಖಗಳನ್ನು ಕೇಳುವುದನ್ನು ಕೊನೆಯವರೆಗೂ ಬಿಡಲಿಲ್ಲ. 1965ರ ಯುದ್ಧದಲ್ಲಿ ವಿಮಾನದಳದಲ್ಲಿದ್ದ ಅವರ ಮಗ ಶತ್ರುಗಳ ಕೈಸೆರೆಯಾದಾಗ, ಹಳೆಯ ಪರಿಚಯದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರ ಕಡೆಯಿಂದ ವಿಶೇಷ ದಾಕ್ಷಿಣ್ಯದ ಸೂಚನೆ ಬಂದಿತು. ಸೆರೆಯಲ್ಲಿರುವವರೆಲ್ಲರೂ ತಮ್ಮ ಮಕ್ಕಳೇ ಎಂದು ಅವರು ಅದನ್ನು ನಿರಾಕರಿಸಿದರು. ಜವಾನರನ್ನು ಮಕ್ಕಳೆಂದು ಕರೆಯುವುದು ಅನೇಕರಿಗೆ ಮಾತಿನ ಅಲಂಕಾರ. ಕಾರ್ಯಪ್ಪನವರು ಆ ಮಾತಿಗೆ ಬೆಲೆಯನ್ನು ತೆತ್ತರು.

ಯೋಧನ ಮನೆಯ ಹೆಣ್ಣಿನ ಕಡೆಗೆ ಸಾರ್ವಜನಿಕ ದೃಷ್ಟಿ ಹೊರಳಿದ್ದು ತಡವಾಗಿ. 1966ರಲ್ಲಿ ಸೇನಾ ಪತ್ನಿಯರ ಕಲ್ಯಾಣ ಸಂಘವು ನೋಂದಣಿಯಾಯಿತು. 1971ರ ಯುದ್ಧವು ವಿಧವೆಯರನ್ನಾಗಿಸಿದ ತರುಣಿಯರ ಸ್ಥಿತಿಯನ್ನು ಕಂಡು ಮೋಹಿನಿ ಗಿರಿಯವರು 1972ರಲ್ಲಿ ಯುದ್ಧ ವಿಧವೆಯರ ಸಂಘವನ್ನು ಸ್ಥಾಪಿಸಿದರು. ಪಿಂಚಣಿಯ ಮೊತ್ತವು ಬೆಳೆದರೂ ಅದರ ಷರತ್ತುಗಳಲ್ಲಿ ಹಳೆಯ ಕಾಲವು ಬಹುದಿನ ಉಳಿದಿತ್ತು. ಶೌರ್ಯಪದಕದ ಭತ್ಯೆಯನ್ನು ಪಡೆಯುವ ವಿಧವೆಯು ಮರುಮದುವೆಯಾಗಬೇಕಾದರೆ ಗಂಡನ ಸಹೋದರನನ್ನೇ ಆಗತಕ್ಕದ್ದು, ಅನ್ಯನನ್ನು ಆದರೆ ಭತ್ಯೆ ನಿಲ್ಲತಕ್ಕದ್ದು ಎಂಬ ನಿಯಮವನ್ನು ತೆಗೆದುಹಾಕಿದ್ದು 2017ರಲ್ಲಿ. ಗಂಡನ ಶೌರ್ಯಕ್ಕೆ ಸಂದ ಗೌರವವನ್ನು ಹೆಂಡತಿಯ ಕಾಲಿನ ಸಂಕೋಲೆಯಾಗಿಸಿದ ಆ ಬರಹವು ಅಷ್ಟು ವರ್ಷ ಯಾರ ಕಣ್ಣನ್ನೂ ಚುಚ್ಚದೆ ಇದ್ದಿತೆಂದರೆ ದುಃಖವಾಗುತ್ತದೆ.

1999ರ ಕಾರ್ಗಿಲ್ ಯುದ್ಧವು ಈ ಇತಿಹಾಸದಲ್ಲಿ ಒಂದು ತಿರುವು. ಅದಕ್ಕೆ ಹಿಂದಿನ ಯುದ್ಧಗಳಲ್ಲಿ ಮಡಿದವರ ಅಂತ್ಯಕ್ರಿಯೆಯು ಸಾಮಾನ್ಯವಾಗಿ ರಣಭೂಮಿಯ ಸಮೀಪದಲ್ಲೇ ನಡೆದು, ಊರಿಗೆ ಬರುತ್ತಿದ್ದುದು ತಂತಿ, ಆಮೇಲೆ ಬಿಳಿಯ ಅಕ್ಷರಗಳಲ್ಲಿ ಮಡಿದವನ ನಂಬರು ಬರೆದ ಕಪ್ಪು ಟ್ರಂಕು. ಕಾರ್ಗಿಲ್ಲಿನಿಂದ ತ್ರಿವರ್ಣವನ್ನು ಹೊದೆದು ದೇಹವೇ ಊರಿಗೆ ಬಂದಿತು, ಜನಸಾಗರವು ನೆರೆಯಿತು, ವೀರಗಲ್ಲಿನ ಕಾಲದಂತೆ ಮರಣವು ಮತ್ತೆ ಊರಿನ ಕಣ್ಣೆದುರಿಗೆ ನಿಂತಿತು. ಧನಸಹಾಯವೂ ಹಿಂದೆಂದಿಗಿಂತ ಹೆಚ್ಚಾಗಿ ಹರಿಯಿತು. ಆ ಹಣವು ಮಗನನ್ನು ಹೆತ್ತವರಿಗೋ ಸೊಸೆಗೋ ಎಂಬ ವ್ಯಾಜ್ಯಗಳು ಮನೆಗಳನ್ನು ಒಡೆದಾಗ ಮಾತ್ರ, ಮೆರವಣಿಗೆಗೆ ನೆರೆದಿದ್ದ ಜನರಲ್ಲಿ ಆ ಮನೆಗಳ ಜಗಲಿಯ ಮೇಲೆ ಕುಳಿತು ಇಬ್ಬರಿಗೂ ಬುದ್ಧಿ ಹೇಳುವ ಹಿರಿಯರು ಕಡಿಮೆಯಾಗಿದ್ದರು.

ಮುಂದಿನದು ಬಹುಮಟ್ಟಿಗೆ ಸರ್ಕಾರದ ಕಥೆ. 2003ರಲ್ಲಿ ಮಾಜಿ ಸೈನಿಕರಿಗೂ ಅವರನ್ನು ಅವಲಂಬಿಸಿದವರಿಗೂ ವೈದ್ಯಕೀಯ ಯೋಜನೆ, 2004ರಲ್ಲಿ ಕೇಂದ್ರದಲ್ಲಿ ಪ್ರತ್ಯೇಕ ಇಲಾಖೆ, ದೀರ್ಘ ಹೋರಾಟದ ಅನಂತರ 2015ರಲ್ಲಿ ಅಂಗೀಕೃತವಾದ ಸಮಾನ ಹುದ್ದೆಗೆ ಸಮಾನ ಪಿಂಚಣಿ; ಇವು ಸಣ್ಣ ಸಂಪಾದನೆಗಳಲ್ಲ. ಭೂಮಿಯನ್ನು ದಾಯಾದಿಗಳು ಕಬಳಿಸಬಹುದು. ತಿಂಗಳ ಮೊದಲಿಗೆ ಬ್ಯಾಂಕಿಗೆ ಬರುವ ಹಣವನ್ನು ಹಾಗೆ ಕಬಳಿಸುವುದು ಸುಲಭವಲ್ಲ. ಆದರೆ ಋಣವು ಹೊಲದಿಂದ ಕಡತಕ್ಕೆ ಸರಿದಂತೆಲ್ಲ, ಅದಕ್ಕೆ ಸಾಕ್ಷಿಯಾಗಿದ್ದ ಊರು ದೂರ ಸರಿಯಿತೆಂಬುದು ನನ್ನ ಅಭಿಪ್ರಾಯ.

ಆ ತೆರವಾದ ಸ್ಥಾನವನ್ನು ತುಂಬಿದವರು ಮಾಜಿ ಸೈನಿಕರೇ. ಬೆಳಗಾವಿ ಸೀಮೆಯ ತಾಲ್ಲೂಕು ಸ್ಥಳವೊಂದರಲ್ಲಿ, ಕಾಳಿನ ಅಂಗಡಿಯ ಮೇಲಿನ ಬಾಡಿಗೆಯ ಕೋಣೆಯಲ್ಲಿ, ಸಂತೆಯ ದಿನ ಅವರ ಸಂಘವು ಕೂಡುವುದನ್ನು ನಾನು ಕಂಡಿದ್ದೇನೆ. ಎಪ್ಪತ್ತು ದಾಟಿದ ಸುಬೇದಾರರೊಬ್ಬರು ಮೇಜಿನ ಮುಂದೆ ಕುಳಿತಿದ್ದರು. ಎದುರಿಗೆ ಪ್ಲಾಸ್ಟಿಕ್ ಚೀಲದಲ್ಲಿ ಗಂಡನ ಡಿಸ್ಚಾರ್ಜ್ ಪುಸ್ತಕವನ್ನು ಸುತ್ತಿ ತಂದ ವೃದ್ಧೆ. ಸೇನೆಯ ದಾಖಲೆಯಲ್ಲಿ ಆಕೆಯ ತವರಿನ ಹೆಸರಿದ್ದಿತು. ಆಧಾರ್ ಕಾರ್ಡಿನಲ್ಲಿ ಮದುವೆಯ ದಿನ ಗಂಡನ ಮನೆಯವರು ಅಕ್ಕಿಯಲ್ಲಿ ಬರೆಸಿ ಇಟ್ಟ ಹೆಸರು. ಕುಟುಂಬ ಪಿಂಚಣಿ ನಿಂತುಹೋಗಿತ್ತು.

“ಯವ್ವಾ, ಈ ಎರಡೂ ಹೆಸರು ಒಬ್ಬಾಕಿದ ಅಂತ ಕಾಗದದಾಗ ತೋರಿಸಬೇಕಾಗ್ತೈತಿ” ಎಂದರು ಸುಬೇದಾರರು.

“ಎರಡೂ ನಾನ ಅದೀನ್ರಿ, ಅಣ್ಣಾರ” ಎಂದಳು ಆಕೆ.

ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಅಫಿಡವಿಟ್ಟಿನ ಒಕ್ಕಣೆಯನ್ನು ಬರೆಯತೊಡಗಿದರು. ಒಬ್ಬನ ದಾಖಲೆ ಬೆಳಗಾವಿಯ ಮರಾಠಾ ಕೇಂದ್ರದಲ್ಲಿ, ಇನ್ನೊಬ್ಬನದು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ, ಪಿಂಚಣಿಯ ಲೆಕ್ಕ ದೂರದ ಪ್ರಯಾಗದಲ್ಲಿ. ಈ ಮೂರು ದಿಕ್ಕುಗಳ ಪತ್ರವ್ಯವಹಾರವನ್ನು ಕೂಲಿಯಿಲ್ಲದೆ ನಡೆಸುವ ಇಂಥ ಹಿರಿಯರಿಲ್ಲದಿದ್ದರೆ ಸರ್ಕಾರದ ಔದಾರ್ಯದಲ್ಲಿ ಎಷ್ಟು ಭಾಗವು ಮನೆಯ ಬಾಗಿಲನ್ನು ತಲುಪುತ್ತಿತ್ತೋ ತಿಳಿಯದು.

ಇತ್ತೀಚೆಗೆ ಆ ಕಡೆಯ ಹಳ್ಳಿಗಳಲ್ಲಿ, ನಿವೃತ್ತನಾಗಿ ಬರುವ ಜವಾನನನ್ನು ತೆರೆದ ವಾಹನದಲ್ಲಿ ಕುಳ್ಳಿರಿಸಿ, ಡೊಳ್ಳು ಬಾರಿಸಿ, ಆರತಿಯೆತ್ತಿ ಮನೆಗೆ ಕರೆತರುವ ಸುಂದರವಾದ ರೂಢಿಯೊಂದು ಬೆಳೆದಿದೆ. ಆದರೆ ಅವನಿಗಿನ್ನೂ ನಲವತ್ತು ತುಂಬಿರುವುದಿಲ್ಲ. ಹದಿನೇಳು ವರ್ಷ ಗಂಟೆಯ ಕರೆಗೆ ಎದ್ದು, ಆಜ್ಞೆಗೆ ನಡೆದವನಿಗೆ ಬೆಳಗಾದರೆ ಏನು ಮಾಡಬೇಕೆಂದು ಹೇಳುವವರಿಲ್ಲ. ಬೆಳೆದ ಮಕ್ಕಳಿಗೆ ಅವನು ರಜೆಗೆ ಬರುವ ಅತಿಥಿ. ಹೊಲವು ತಮ್ಮನ ಸಾಗುವಳಿಯಲ್ಲಿದೆ. ಮೂರನೆಯ ತಿಂಗಳಲ್ಲಿ ಅವನು ಸಂಘದ ಕೋಣೆಯ ಮೆಟ್ಟಿಲನ್ನು ಹತ್ತುತ್ತಾನೆಂದು ಸುಬೇದಾರರು ನನಗೆ ಹೇಳಿದರು. ಮೊದಲ ಸಲ ಯಾರೂ ಕೆಲಸದ ಮಾತನ್ನೆತ್ತುವುದಿಲ್ಲ. ಚಹಾ ತರಿಸಿ, ಯಾವ ಪಲ್ಟಣ, ಯಾವ ಯಾವ ಠಾಣೆ ಎಂದು ಕೇಳುತ್ತ ಕುಳಿತಿರುತ್ತಾರೆ.

ಅವರ ಸದಸ್ಯರ ಪುಸ್ತಕವನ್ನು ತೆರೆದು ನೋಡಿದೆ. ಅಡ್ಡಗೆರೆಗಳ ನಡುವೆ ಸೇನೆಯ ನಂಬರು, ಹುದ್ದೆ, ಪಲ್ಟಣ, ಪಿಂಚಣಿ ಆದೇಶದ ಸಂಖ್ಯೆ ಎಂಬ ಅಂಕಣಗಳು. 2022ರಲ್ಲಿ ಜಾರಿಗೆ ಬಂದ ಅಗ್ನಿಪಥದ ಪ್ರಕಾರ ನಾಲ್ಕು ವರ್ಷಗಳ ಸೇವೆಯ ಬಳಿಕ ನಾಲ್ವರಲ್ಲಿ ಒಬ್ಬನವರೆಗೆ ಮಾತ್ರ ಸೇನೆಯಲ್ಲಿ ಉಳಿದು, ಮಿಕ್ಕವರು ಒಟ್ಟುಗೂಡಿದ ನಿಧಿಯೊಂದಿಗೆ, ಪಿಂಚಣಿಯಿಲ್ಲದೆ, ಇಪ್ಪತ್ತೈದರ ಆಸುಪಾಸಿನಲ್ಲಿ ಊರಿಗೆ ಮರಳತಕ್ಕವರು. ಅವರನ್ನು ಸೇರಿಸಿಕೊಳ್ಳುವಿರಾ ಎಂದು ಕೇಳಿದೆ. ಸುಬೇದಾರರು ಉತ್ತರಕ್ಕೆ ಬದಲಾಗಿ ಪುಸ್ತಕದ ಕೊನೆಯ ಹಾಳೆಗಳನ್ನು ತಿರುವಿ ತೋರಿಸಿದರು. ಪಟ್ಟಿ ಹಿಡಿದು ಹೊಸದಾಗಿ ಗೆರೆಗಳನ್ನು ಎಳೆದಿದ್ದರು. ಸೇನೆಯ ನಂಬರು, ಪಲ್ಟಣ, ಊರು. ಪಿಂಚಣಿಯ ಅಂಕಣವಿದ್ದ ಜಾಗದಲ್ಲಿ ‘ತಂದೆಯ ಹೆಸರು’ ಎಂದು ಪೆನ್ಸಿಲಿನಲ್ಲಿ ಬರೆದಿದ್ದರು.