ಐವರ್ನಾಡಿನಲ್ಲಿ ತುಂಡಾದ ಚೈನು

1837ರ ರೈತರ ದಂಡು ಹೋದ ಕಡೆಗೆ ಸೈಕಲ್ಲಿನಲ್ಲಿ ಹೋಗುವ ಅಂತ ನಾವು 6 ಜನ ಸುಳ್ಯದಿಂದ ಹೊರಟದ್ದು. ಬೆಳ್ಳಾರೆ, ಪುತ್ತೂರು ದಾಟಿ ಮಂಗಳೂರಿನ ಬಾವುಟಗುಡ್ಡೆ ಸೇರಬೇಕಿತ್ತು. ಐವರ್ನಾಡಿನ ಏರಿನಲ್ಲಿ ನನ್ನ ಚೈನು ತುಂಡಾಯಿತು. ಹಿಂದಿದ್ದ ಗೆಳೆಯ ನನಗೆ ಗುದ್ದಿ ಬಿದ್ದ; ಮೊಣಕೈ ನೋಡುತ್ತಿದ್ದಂತೆ ಊದಿಕೊಂಡಿತು.

ಅವನನ್ನು ಸುಳ್ಯದ ಆಸ್ಪತ್ರೆಗೆ ಕಳಿಸಬೇಕು. ಎಲ್ಲರ ಜೇಬು ತಡಕಿದರೆ ಸಿಕ್ಕಿದ್ದು 180 ರೂಪಾಯಿ. ಉಳಿದ ದುಡ್ಡು ಫೋನಿನೊಳಗೆ, ಫೋನಿಗೆ ನೆಟ್‌ವರ್ಕ್ ಇಲ್ಲ. ರಿಕ್ಷಾದವರು, "ದುಡ್ಡು ಮತ್ತೆ ಹಾಕಿ ಮಾರಾಯ್ರೇ, ಮೊದಲು ಹತ್ತಿಸಿ" ಅಂದರು.

ರಿಕ್ಷಾ ಹೋದ ಮೇಲೆ ಹೊಳೆಯಿತು, ಕಲ್ಯಾಣಪ್ಪನ ಕಾಟಕಾಯಿಯ ಬುಡದಲ್ಲಿದ್ದದ್ದೂ ಈ ನಗದಿನ ಸಂಕಟವೇ. ಕೊಡಗಿನ ಅರಸರ ಕಾಲದಲ್ಲಿ ಇಲ್ಲಿನವರು ಕಂದಾಯವನ್ನು ಬೆಳೆಯಲ್ಲೇ ಕೊಡುತ್ತಿದ್ದರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಕಂಪೆನಿ, ಅಮರ ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿ, ನಗದೇ ಆಗಬೇಕೆಂದಿತು. ಮನೆಯಲ್ಲಿ ಭತ್ತವಿತ್ತು, ಕೈಯಲ್ಲಿ ನಾಣ್ಯ ಇರಲಿಲ್ಲ. ವ್ಯಾಪಾರಿ ಹೇಳಿದ್ದೇ ಕ್ರಯ. ಕೆದಂಬಾಡಿ ರಾಮಯ್ಯ ಗೌಡರ ದಂಡು ಬೆಳ್ಳಾರೆಯ ಖಜಾನೆಗೆ ನುಗ್ಗಿದ್ದು ಸುಮ್ಮನೆ ಅಲ್ಲ! ಏಪ್ರಿಲ್ 5ಕ್ಕೆ ಮಂಗಳೂರೇ ಅವರ ಕೈಗೆ ಬಂತು. ಎರಡು ವಾರದೊಳಗೆ ಹೋಯಿತು ಕೂಡ. ಆಮೇಲೆ ನೇಣು, ಗಡೀಪಾರು. ಇದೆಲ್ಲ ನಮ್ಮ ಶಾಲೆಯ ಪಾಠದಲ್ಲಿ ಇರಲಿಲ್ಲ, ಅಜ್ಜಿ ಹೇಳಿ ಗೊತ್ತು.

ಮಂಗಳೂರಿನ ಆಸೆ ಬಿಟ್ಟು ಬೆಳ್ಳಾರೆವರೆಗೆ ಸೈಕಲ್ ತಳ್ಳಿಕೊಂಡು ಹೋದೆವು. ಅಲ್ಲಿ ನೆಟ್‌ವರ್ಕ್ ಬಂತು. ಮೊದಲು ರಿಕ್ಷಾದವರ ಬಾಡಿಗೆ ಹಾಕಿದೆ, ಮತ್ತೆ ಗೆಳೆಯನಿಗೆ ಫೋನು. ಎಲುಬು ಬಿರುಕು ಬಿಟ್ಟಿತ್ತಂತೆ.