‘ಒಳ್ಳೆ’ ಹಾವು ಎಂಬ ಹಣೆಪಟ್ಟಿ

ಕೆರೆ ಏರಿ, ಭತ್ತದ ಗದ್ದೆ, ತೋಟದ ಕಾಲುವೆಗಳ ಒಡನಾಟವಿದ್ದವರಿಗೆ ನೀರೊಳ್ಳೆ ಹಾವು ಹೊಸದಲ್ಲ. ಹಿಡಿಯಹೋದರೆ ಸಿಟ್ಟಿನಿಂದ ಕಚ್ಚುತ್ತದೆ, ರಕ್ತವೂ ಬರುತ್ತದೆ. ಆದರೆ ಪ್ರಾಣಾಪಾಯವಿಲ್ಲ. ‘ಒಳ್ಳೆ’ ಎಂದರೆ ನಿಘಂಟಿನಲ್ಲಿ ನೀರುಹಾವು ಎಂದೇ ಅರ್ಥ. ಒಳ್ಳೆಯತನಕ್ಕೂ ಅದಕ್ಕೂ ನಂಟಿಲ್ಲ. ಆದರೂ ಹೆಸರು ಕೇಳಿದವರು ಇದು ಒಳ್ಳೆಯ ಹಾವೆಂದೇ ತಿಳಿಯುತ್ತಾರೆ. ಈ ಹಾವಿನ ಮಟ್ಟಿಗೆ ಆ ನಂಬಿಕೆಯಿಂದ ನಷ್ಟವಿಲ್ಲ. ಆದರೆ ಇದರ ದಾಯಾದಿಗಳ ವಿಷಯದಲ್ಲಿ ಇಂಥದೇ ನಂಬಿಕೆ ಜೀವಕ್ಕೆ ಎರವಾಯಿತು. ಆ ತಪ್ಪಿನಲ್ಲಿ ಪಂಡಿತರಿಗೂ ಪಾಲಿತ್ತು.

ನೀರೊಳ್ಳೆ ಸೇರಿದ ಬಳಗಕ್ಕೆ ಇಂಗ್ಲಿಷಿನಲ್ಲಿ ಕೀಲ್‌ಬ್ಯಾಕ್ ಎಂದು ಹೆಸರು. ಕೀಲ್ ಎಂದರೆ ದೋಣಿಯ ತಳದುದ್ದಕ್ಕೂ ಇರುವ ದಿಂಡು. ಈ ಹಾವುಗಳ ಬೆನ್ನಿನ ಹುರುಪೆಗಳ ನಡುವೆ ಅಂಥದೇ ಉಬ್ಬುಗೆರೆ ಇರುವುದರಿಂದ ಮೈ ಒರಟಾಗಿರುತ್ತದೆ. ಆದರೆ ಈ ಗುರುತು ವಿಷದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೊಳಕುಮಂಡಲದ ಹುರುಪೆಗಳಲ್ಲೂ ಉಬ್ಬುಗೆರೆ ಇದೆ!

ಭಾರತದ ಹಾವುಗಳನ್ನು ಶಾಸ್ತ್ರೀಯವಾಗಿ ವಿಂಗಡಿಸುವ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಪ್ಯಾಟ್ರಿಕ್ ರಸೆಲ್ ಪ್ರಮುಖ. ವಿಶಾಖಪಟ್ಟಣದ ಕಡೆ ಹಾವುಗಳನ್ನು ಸಂಗ್ರಹಿಸಿ, ಕೋಳಿ, ನಾಯಿಗಳಿಗೆ ಕಚ್ಚಿಸಿ, ಯಾವುದು ವಿಷದ್ದು, ಯಾವುದು ಅಲ್ಲ ಎಂದು ಆತ ಪರೀಕ್ಷಿಸಿದ. ಆತನ ಸಚಿತ್ರ ಗ್ರಂಥ 1796ರಲ್ಲಿ ಹೊರಬಂತು. 1799ರಲ್ಲಿ ಜರ್ಮನಿಯ ಷ್ನೈಡರ್ ನೀರೊಳ್ಳೆಗೆ ‘ಪಿಸ್ಕೇಟರ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಮೀನುಗಾರ.

ಬಾಯಿಯ ಮುಂಭಾಗದಲ್ಲಿ ವಿಷದ ಹಲ್ಲಿದ್ದರೆ ಅಪಾಯಕಾರಿ, ಇಲ್ಲದಿದ್ದರೆ ನಿರುಪದ್ರವಿ ಎಂಬ ಸುಲಭ ಸೂತ್ರ ಮುಂದೆ ಬಹುಕಾಲ ನಡೆಯಿತು. ಕೆಲವು ‘ಸಾಧು’ ಹಾವುಗಳ ಬಾಯಿಯಲ್ಲಿ ಹಿಂದಿನ ಹಲ್ಲುಗಳಿಗೆ ಹೊಂದಿಕೊಂಡ ಗ್ರಂಥಿ ಇದೆ ಎಂದು ಫ್ರಾನ್ಸಿನ ಡುವೆರ್ನಾಯ್ 1832ರಲ್ಲೇ ವಿವರಿಸಿದ್ದ. ಅದರ ಗಂಭೀರತೆ ಮನದಟ್ಟಾಗಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಸೂತ್ರ ಎಡವಿದ್ದು ರಾಬ್ಡೊಫಿಸ್ ಎಂಬ ಕೀಲ್‌ಬ್ಯಾಕ್ ಕುಲದಲ್ಲಿ. ಜಪಾನಿನ ಗದ್ದೆಗಳಲ್ಲಿ ಸಾಮಾನ್ಯವಾದ ‘ಯಾಮಕಗಾಶಿ’ ಈ ಕುಲದ್ದು. ಅಲ್ಲಿ ಅದನ್ನು ವಿಷರಹಿತವೆಂದೇ ಎಣಿಸಲಾಗಿತ್ತು. 1972ರಲ್ಲಿ ಅದು ಕಚ್ಚಿ ಶಾಲಾ ಬಾಲಕನೊಬ್ಬ ಸತ್ತ ಮೇಲೆ ಜನ ಎಚ್ಚೆತ್ತರು. ಇದೇ ಕುಲದ ಕೆಂಪು ಕತ್ತಿನ ಕೀಲ್‌ಬ್ಯಾಕ್ ಆಗ್ನೇಯ ಏಷ್ಯಾದಿಂದ ಯುರೋಪ್, ಅಮೆರಿಕಗಳಿಗೆ ಸಾಕುಪ್ರಾಣಿಯಾಗಿ ರವಾನೆಯಾಗುತ್ತಿತ್ತು. ಹಸಿರು ಮೈ, ಕತ್ತಿನಲ್ಲಿ ಹಳದಿ-ಕೆಂಪು. ಅಂದಕ್ಕೆ ಮರುಳಾಗಿ ಕೊಂಡವರಿಗೆ ಇದು ನಿರುಪದ್ರವಿ ಎಂಬ ಭರವಸೆಯೂ ಇತ್ತು. ಸಾಕಿದ ಈ ಹಾವು ಕಚ್ಚಿ ಒಬ್ಬರ ಸ್ಥಿತಿ ಗಂಭೀರವಾದ ವಿವರ 1978ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. 1984ರಲ್ಲಿ ಅಮೆರಿಕದ ವೈದ್ಯರೂ ಅಂಥದೇ ವರದಿ ನೀಡಿದರು.

ಇಷ್ಟು ಕಾಲ ಇದು ತಿಳಿಯಲಿಲ್ಲವೇಕೆ? ಈ ಹಾವುಗಳ ವಿಷದ ಹಲ್ಲು ಇರುವುದು ಬಾಯಿಯ ಹಿಂಭಾಗದಲ್ಲಿ. ತಟ್ಟನೆ ಕಚ್ಚಿ ಬಿಟ್ಟರೆ ವಿಷ ಒಳಸೇರುವುದು ಅಪರೂಪ. ಕಚ್ಚಿ ಹಿಡಿದುಕೊಂಡರಷ್ಟೇ ಅಪಾಯ. ಹತ್ತು ಸಲ ಕಚ್ಚಿಸಿಕೊಂಡು ಏನೂ ಆಗದವನಿಗೆ ಧೈರ್ಯ ಬೆಳೆಯುವುದು ಸಹಜ. ವಿಷ ಸೇರಿದಾಗಲೂ ನೋವು, ಊತ ಹೆಚ್ಚಿರದೆ ಇರಬಹುದು. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶವನ್ನೇ ಅದು ಬರಿದು ಮಾಡುತ್ತದೆ. ಗಂಟೆಗಳ ನಂತರ ಒಸಡಿನಿಂದ, ಹಳೆಯ ಗಾಯದಿಂದ ರಕ್ತ ಒಸರತೊಡಗುತ್ತದೆ.

ಹಿಂಹಲ್ಲಿನ ಹಾವುಗಳನ್ನು ಹಗುರವಾಗಿ ಕಂಡು ತಜ್ಞರೂ ಬಲಿಯಾಗಿದ್ದಾರೆ. ಷಿಕಾಗೋ ವಸ್ತುಸಂಗ್ರಹಾಲಯದ ಕಾರ್ಲ್ ಷ್ಮಿಟ್ 1957ರಲ್ಲಿ ಆಫ್ರಿಕದ ಬೂಮ್‌ಸ್ಲಾಂಗ್ ಕಚ್ಚಿದ ಮರುದಿನವೇ ತೀರಿಕೊಂಡರು. ಜರ್ಮನಿಯ ಉರಗತಜ್ಞ ರಾಬರ್ಟ್ ಮೆರ್ಟೆನ್ಸ್ ತಾವೇ ಸಾಕಿದ್ದ ಆಫ್ರಿಕದ ಕಡ್ಡಿಹಾವಿನ ಕಡಿತಕ್ಕೆ ಒಳಗಾಗಿ 1975ರಲ್ಲಿ ಅಸುನೀಗಿದರು.

ರಾಬ್ಡೊಫಿಸ್‌ಗೆ ಇನ್ನೊಂದು ಅಸ್ತ್ರವೂ ಇದೆ. ಇದರ ಹಲವು ಪ್ರಭೇದಗಳ ಕತ್ತಿನ ಚರ್ಮದಡಿ ವಿಷದ ಗ್ರಂಥಿಗಳಿವೆ. ಯಾಮಕಗಾಶಿಯ ಈ ವಿಷ ಅದು ತಿಂದ ನೆಲಗಪ್ಪೆಯಿಂದಲೇ ಬಂದ ಎರವಲು ಎಂಬುದು 2007ರಲ್ಲಿ ಖಚಿತವಾಯಿತು. ನೆಲಗಪ್ಪೆಯಿಲ್ಲದ ಕಿಂಕಾಸನ್ ದ್ವೀಪದ ಹಾವುಗಳಲ್ಲಿ ಆ ವಿಷವಿರಲಿಲ್ಲ.

ನಮ್ಮಲ್ಲಿ ಕೀಲ್‌ಬ್ಯಾಕ್‌ಗಳನ್ನು ಗುರುತಿಸುವುದು ಹೇಗೆ? ಮೈಮೇಲೆ ಚದುರಂಗದ ಮನೆಗಳಂತೆ ಕಪ್ಪು ಚುಕ್ಕೆ, ಕಣ್ಣಿನ ಬಳಿ ಓರೆಯಾದ ಎರಡು ಕಪ್ಪು ಗೆರೆ ಇದ್ದರೆ ನೀರೊಳ್ಳೆ. ಕಂದು ಮೈಯ ಉದ್ದಕ್ಕೂ ಎರಡು ಹಳದಿ ಪಟ್ಟೆಗಳಿದ್ದರೆ ಪಟ್ಟೆ ಕೀಲ್‌ಬ್ಯಾಕ್. ಇವೆರಡೂ ಮನುಷ್ಯನಿಗೆ ಅಪಾಯಕಾರಿಯಲ್ಲ. ಪಶ್ಚಿಮ ಘಟ್ಟದಲ್ಲಿ ಹುಲ್ಲಿನ ಬಣ್ಣದ ಹಸಿರು ಕೀಲ್‌ಬ್ಯಾಕ್ ಕೂಡ ಇದೆ. ಮರಿಗಳ ಕತ್ತಿನಲ್ಲಿ ಕಪ್ಪು ಬಾಣದ ಗುರುತಿರುತ್ತದೆ. ಬೆದರಿದಾಗ ಕತ್ತನ್ನು ಅಗಲಿಸುವುದರಿಂದ ನಾಗರವೆಂದು ಭ್ರಮಿಸಿ ಕೊಲ್ಲುವವರಿದ್ದಾರೆ. ಸಾಧು ಸ್ವಭಾವದ ಇದನ್ನು ಮೊದಲು ಬೇರೊಂದು ಕುಲದಲ್ಲಿಟ್ಟಿದ್ದ ವಿಜ್ಞಾನಿಗಳು, ಈಚಿನ ವಂಶವಾಹಿ ಅಧ್ಯಯನಗಳ ನಂತರ ರಾಬ್ಡೊಫಿಸ್ ಕುಲಕ್ಕೆ ಸೇರಿಸಿದ್ದಾರೆ. ಹಣೆಪಟ್ಟಿ ಬದಲಾಗುತ್ತಲೇ ಇರುತ್ತದೆ ಎಂಬುದಕ್ಕೆ ಇದೂ ಒಂದು ನಿದರ್ಶನ.

ಸಾಕುವ ಮಾತು ಬಂದರೆ ಉತ್ತರ ಸರಳ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ನೀರೊಳ್ಳೆಯನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಇನ್ನು ಭಾರತದಲ್ಲಿ ದೊರೆಯುವ ಪ್ರತಿವಿಷ ತಯಾರಾಗಿರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳಿಗೆ ಮಾತ್ರ. ರಾಬ್ಡೊಫಿಸ್ ವಿಷಕ್ಕೆ ಅದು ಮದ್ದಲ್ಲ.

2017ರ ಜುಲೈನಲ್ಲಿ ಜಪಾನಿನ ಇತಾಮಿ ನಗರದ ಬಾಲಕನೊಬ್ಬ ಹಾವೊಂದನ್ನು ಹಿಡಿದು ಬೆನ್ನಚೀಲದಲ್ಲಿ ಹಾಕಿಕೊಂಡ. ಅದು ಯಾಮಕಗಾಶಿ. ಕಚ್ಚಿಸಿಕೊಂಡ ಬಾಲಕ ಆಸ್ಪತ್ರೆ ಸೇರಬೇಕಾಯಿತು. ಅಷ್ಟರಲ್ಲಾಗಲೇ ಜಪಾನಿನಲ್ಲಿ ಆ ಹಾವಿಗೆಂದೇ ಪ್ರತಿವಿಷ ಸಿದ್ಧವಾಗಿತ್ತು, ಬಾಲಕ ಬದುಕಿದ. 1972ರಲ್ಲಿ ಸತ್ತ ಬಾಲಕನಿಗೆ ಆ ಅವಕಾಶ ಇರಲಿಲ್ಲ.